ಹನ್ನೆರಡು ಸೀಸರರು ಬೇಡ, ಒಬ್ಬ ಪ್ರೋಬಸ್ ಸಾಕು

ನಮಸ್ಕಾರ. ಇವತ್ತಿನ ಮಾತು ಕೆಲವು ಸಂಗ್ರಾಹಕರಿಗೆ ಹಿಡಿಸಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ.

ರೋಮನ್ ನಾಣ್ಯದ ಹುಚ್ಚು ಹತ್ತಿದವರು ಮೊದಲು ಬೀಳೋದೇ ಹನ್ನೆರಡು ಸೀಸರರ ಬೆನ್ನಿಗೆ. ಜೂಲಿಯಸ್ ಸೀಸರ್‌ನಿಂದ ಡೊಮಿಷಿಯನ್‌ವರೆಗೆ ತಲೆಗೊಂದು ನಾಣ್ಯ. ವೆಸ್ಪೇಸಿಯನ್ ಸಲೀಸಾಗಿ ಸಿಗ್ತಾನೆ. ಕ್ರಿ.ಶ. 69ರಲ್ಲಿ ಬರೀ ಮೂರು ತಿಂಗಳು ಆಳಿದ ಓಥೋ ಹತ್ರ ಬರೋ ಹೊತ್ತಿಗೆ ಜೇಬು ಖಾಲಿ. ಇಷ್ಟೆಲ್ಲ ಸುರಿದ ಮೇಲೆ ಟ್ರೇಯಲ್ಲಿ ಏನಿರುತ್ತೆ? ಹನ್ನೆರಡು ಮುಖ. ಸರ್ಕಾರಿ ಕಚೇರಿ ಗೋಡೆ ಮೇಲೆ ಹಿಂದಿನ ಅಧಿಕಾರಿಗಳ ಫೋಟೋ ಸಾಲಾಗಿ ತೂಗುಹಾಕಿರ್ತಾರಲ್ಲ, ಹಾಗೆ. ಅವರ ಕಾಲದಲ್ಲಿ ಕಚೇರಿ ಹೇಗೆ ನಡೀತು ಅಂತ ಆ ಫೋಟೋ ಹೇಳಲ್ಲ.

ನನ್ನ ವಾದ ಇಷ್ಟೇ: ಒಬ್ಬ ಚಕ್ರವರ್ತಿಯನ್ನ ಹಿಡೀರಿ, ಅವನನ್ನೇ ಬಗೆದು ನೋಡಿ. ಆಗ ಮುಖದ ಹಿಂದೆ ಟಂಕಸಾಲೆ ಕಾಣಿಸುತ್ತೆ.

ಯಾರನ್ನ ಹಿಡೀಬೇಕು? ನಮ್ಮ ಕಡೆಯವರು ತಕ್ಷಣ ಟೈಬೀರಿಯಸ್ ಅಂತಾರೆ. ಕಾರಣ ಇದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ಬೆಳ್ಳಿ ನಾಣ್ಯಗಳಲ್ಲಿ ಅವನಿದ್ದಾನೆ, ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಲ್ಲೂ ಅವನಿದ್ದಾನೆ. ಮೆಣಸು, ಬಟ್ಟೆ, ಮಣಿಗಳ ಬದಲಿಗೆ ಬಂದ ದುಡ್ಡು ಅದು. ಆದ್ರೆ ಸಂಗ್ರಹಕ್ಕೆ ಅಂತ ನೋಡಿದ್ರೆ ಟೈಬೀರಿಯಸ್ ಮಹಾ ಬೇಸರದ ಆಸಾಮಿ. ಕ್ರಿ.ಶ. 14ರಿಂದ 37ರವರೆಗೆ ಆಳಿದ, ಆದರೆ ಅವನ ದಿನಾರಿಯಸ್ ಅನ್ನೋ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಒಂದೇ ಅಚ್ಚು: ಒಂದು ಕಡೆ ಅವನ ತಲೆ, ಇನ್ನೊಂದು ಕಡೆ ಕುರ್ಚಿ ಮೇಲೆ ಕೂತ ಹೆಂಗಸು. ಅವಳು ಅವನ ತಾಯಿ ಲಿವಿಯಾ ಅಂತ ಸಾಮಾನ್ಯ ನಂಬಿಕೆ. ಅದರಲ್ಲೂ ಕುರ್ಚಿ ಕಾಲಿನ ಕೆತ್ತನೆ ಬೇರೆ, ಕಾಲ್ಮಣೆ ಇದೆಯೋ ಇಲ್ಲವೋ ಅಂತ ವಿಂಗಡಿಸೋ ಪುಣ್ಯಾತ್ಮರಿದ್ದಾರೆ. ಅವರ ತಾಳ್ಮೆಗೆ ದೊಡ್ಡ ನಮಸ್ಕಾರ, ನನ್ನ ಕೈಲಾಗಲ್ಲ.

ನನ್ನ ಆಯ್ಕೆ ಪ್ರೋಬಸ್. ಶಾಲೆಯ ಪಠ್ಯದಲ್ಲಿ ಅವನ ಹೆಸರು ಇರಲ್ಲ. ಇವತ್ತಿನ ಸರ್ಬಿಯಾದಲ್ಲಿರೋ ಸಿರ್ಮಿಯಂನಲ್ಲಿ ಹುಟ್ಟಿದ ಸೈನಿಕ, 276ರಲ್ಲಿ ಚಕ್ರವರ್ತಿಯಾದ, 282ರಲ್ಲಿ ತನ್ನ ಸೈನಿಕರ ಕೈಯಲ್ಲೇ ಸತ್ತ. ಯುದ್ಧ ಇಲ್ಲದಾಗ ಜವುಗು ಬಸಿಯೋ ಕೆಲಸಕ್ಕೆ, ದ್ರಾಕ್ಷಿ ನೆಡೋದಕ್ಕೆ ಸೈನ್ಯವನ್ನ ಹಚ್ಚಿದ್ದ, ಇನ್ನು ಸ್ವಲ್ಪ ದಿನಕ್ಕೆ ಸೈನಿಕರೇ ಬೇಕಾಗಲ್ಲ ಅಂದಿದ್ದ, ಅದಕ್ಕೇ ಕೊಂದರು ಅಂತ ಹಳೆಯ ಲೇಖಕರು ಬರೀತಾರೆ. ಅವನ ನಾಣ್ಯಗಳ ಮೇಲೆ ಮತ್ತೆ ಮತ್ತೆ ಬರೋ ಒಂದು ಬರಹ 'ಕಾಂಕಾರ್ಡಿಯಾ ಮಿಲಿಟಂ'. ಸೈನಿಕರ ಒಗ್ಗಟ್ಟು! ಸರ್ಕಾರಿ ಜಾಹೀರಾತು ಯಾವ ಕಾಲದಲ್ಲೂ ಹೀಗೇ.

ಆಳಿದ್ದು ಆರೇ ವರ್ಷ. ಆದರೆ ರೋಮನ್ ನಾಣ್ಯಗಳ ಪ್ರಮಾಣ ಗ್ರಂಥ ಅನ್ನಿಸಿಕೊಂಡ 'ರೋಮನ್ ಇಂಪೀರಿಯಲ್ ಕಾಯಿನೇಜ್' ಐದನೇ ಸಂಪುಟದ ಎರಡನೇ ಭಾಗದಲ್ಲಿ, 1933ರಲ್ಲಿ ಬಂದಿದ್ದು ಅದು, ಪ್ರೋಬಸ್‌ಗೆ ಒಂಬೈನೂರಕ್ಕೂ ಹೆಚ್ಚು ನಮೂದು. ಅದೂ ಸಾಲದು ಅಂತ ಸಂಗ್ರಾಹಕರು ಹೊಸದನ್ನ ಹುಡುಕ್ತಾನೇ ಇದ್ದಾರೆ. ಲಿಯಾನ್‌ನಿಂದ ಆಂಟಿಯಾಕ್‌ವರೆಗೆ ಟಂಕಸಾಲೆಗಳು, ಒಂದೊಂದರಲ್ಲೂ ಹಲವು ವಿಭಾಗ, ಒಂದೊಂದಕ್ಕೂ ತನ್ನದೇ ಗುರುತು.

ಒಂದು ನಾಣ್ಯ ಕೈಗೆ ತಗೊಳ್ಳೋಣ. ಇವತ್ತಿನ ಕ್ರೊವೇಷಿಯಾದ ಸಿಸಾಕ್, ಆಗಿನ ಸಿಸ್ಕಿಯಾದ್ದು. ಅಗಲ ಎರಡು ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ, ತೂಕ ನಾಲ್ಕು ಗ್ರಾಂ ಆಸುಪಾಸು. ತಾಮ್ರವೇ ಹೆಚ್ಚು, ಮೇಲೆ ತೆಳ್ಳನೆ ಬೆಳ್ಳಿ ಪದರ, ಅದೂ ಏರುಭಾಗಗಳಲ್ಲಿ ಸವೆದು ಕಂದು ಬಣ್ಣ ಇಣುಕ್ತಿದೆ. ಪ್ರೋಬಸ್ ಶಿರಸ್ತ್ರಾಣ ತೊಟ್ಟು ಎಡಕ್ಕೆ ತಿರುಗಿದ್ದಾನೆ, ಹೆಗಲ ಮೇಲೆ ಈಟಿ, ಎದೆಗೆ ಅಡ್ಡ ಗುರಾಣಿ. ಲೆನ್ಸ್ ಹಿಡಿದ್ರೆ ಆ ಗುರಾಣಿ ಮೇಲೂ ಚಿತ್ರ ಕೆತ್ತಿರೋದು ಕಾಣುತ್ತೆ. ಹಿಂಬದಿಯ ತಳದಲ್ಲಿ ಎಕ್ಸ್ ಎಕ್ಸ್ ಐ, ಅಂದರೆ 21. ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಅನ್ನೋ ಅರ್ಥವನ್ನ ಹೆಚ್ಚಿನ ವಿದ್ವಾಂಸರು ಒಪ್ತಾರೆ. ಇವನಿಗಿಂತ ಮುಂಚಿನ ಚಕ್ರವರ್ತಿ ಅರೇಲಿಯನ್ 274ರ ಹೊತ್ತಿಗೆ ನಾಣ್ಯ ಸುಧಾರಣೆ ಮಾಡಿದಾಗ ಶುರುವಾದ ಗುರುತು. ಕಲಬೆರಕೆಯನ್ನ ಇಷ್ಟು ಪ್ರಾಮಾಣಿಕವಾಗಿ ನಾಣ್ಯದ ಮೇಲೇ ಬರೆದುಕೊಂಡ ಸರ್ಕಾರಗಳು ಕಮ್ಮಿ.

ಇನ್ನು ನನಗೆ ಅತಿ ಇಷ್ಟದ ಸಂಗತಿ. ಇಟಲಿಯ ಟಿಸಿನಂ, ಈಗಿನ ಪಾವಿಯಾ. ಅಲ್ಲಿ ಆರು ವಿಭಾಗ. ಒಂದು ಸರಣಿಯಲ್ಲಿ ಮೊದಲ ವಿಭಾಗದ ನಾಣ್ಯದ ಬಯಲಲ್ಲಿ, ಅಂದರೆ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ, 'ಇ' ಅಕ್ಷರ, ಎರಡನೆಯದರಲ್ಲಿ 'ಕ್ಯೂ', ಆಮೇಲೆ 'ವಿ', 'ಐ', 'ಟಿ', ಮತ್ತೆ 'ಐ'. ಆರನ್ನೂ ಕ್ರಮವಾಗಿ ಜೋಡಿಸಿದ್ರೆ 'ಎಕ್ವಿಟಿ' ಅನ್ನೋ ಪದ. ರೋಮ್ ಟಂಕಸಾಲೆಯಲ್ಲಿ ಏಳು ವಿಭಾಗ, ಅಲ್ಲಿ ಮುಂದೆ ಒಂದು 'ಎ' ಸೇರಿಸಿ ಇದೇ ಆಟ. ಅದು ಪ್ರೋಬಸ್‌ನ ಇನ್ನೊಂದು ಹೆಸರು ಅಂತ ಕೆಲವರು, ಅಶ್ವದಳಕ್ಕೆ ಸಂಬಂಧಿಸಿದ್ದು ಅಂತ ಕೆಲವರು. ಒಂಟಿ ನಾಣ್ಯ ಇಟ್ಟುಕೊಂಡವನಿಗೆ ಅದು ಬರೀ ಒಂದು ಅಕ್ಷರ. ತಲೆಗೊಂದು ನಾಣ್ಯ ಕೂಡಿಸುವವನಿಗೆ ಇಂಥ ಮಾತು ಹುಟ್ಟಿದ ಜನ್ಮದಲ್ಲಿ ಕೇಳಿಸಲ್ಲ.

ಇನ್ನೊಂದು. ಇವತ್ತಿನ ಸೋಫಿಯಾ, ಆಗಿನ ಸೆರ್ಡಿಕಾ. ಅಲ್ಲಿನ ಕೆಲವು ನಾಣ್ಯಗಳು ಪ್ರೋಬಸ್‌ನನ್ನ ನೇರವಾಗಿ 'ದೇವರು ಮತ್ತು ಒಡೆಯ' ಅಂತ ಕರೀತವೆ. ಅದೇ ಮನುಷ್ಯ, ಅದೇ ಕಾಲ; ಸೆನೆಟ್ ಕೂತಿರೋ ರೋಮ್‌ನಲ್ಲಿ ಆ ಭಾಷೆ ಇಲ್ಲ. ಬಾಲ್ಕನ್ ಸೈನ್ಯಕ್ಕೆ ಒಂದು ಮಾತು, ರೋಮ್‌ಗೆ ಇನ್ನೊಂದು. ಟಂಕಸಾಲೆಗಳನ್ನ ಪಕ್ಕಪಕ್ಕ ಇಟ್ಟಾಗ ಮಾತ್ರ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತೆ.

ಇದಕ್ಕೆ ಒಂದು ಕೊಳಕು ಮುಖವೂ ಇದೆ. ಪ್ರೋಬಸ್ ಅಗ್ಗಕ್ಕೆ ಸಿಗೋದು, ಕೆಲವು ಸಾವಿರ ರೂಪಾಯಿಗೆ ಒಳ್ಳೆಯ ನಾಣ್ಯ ಬರೋದು, ದೊಡ್ಡ ದೊಡ್ಡ ನಿಧಿಗಳಿಂದ. ವೆರೋನಾ ಹತ್ತಿರದ ವೆನೇರಾದಲ್ಲಿ 1876ರಲ್ಲಿ ಸಿಕ್ಕ ನಿಧಿಯಲ್ಲೇ ಹತ್ತಾರು ಸಾವಿರ ನಾಣ್ಯ. ಅದು ದಾಖಲಾಯ್ತು, ಹಾಗಾಗಿ ಇತಿಹಾಸಕ್ಕೆ ಉಳೀತು. ದಾಖಲಾಗದೆ, ರಾತ್ರೋರಾತ್ರಿ ಮೆಟಲ್ ಡಿಟೆಕ್ಟರ್‌ನಲ್ಲಿ ಅಗೆದು ಚೆಲ್ಲಾಪಿಲ್ಲಿ ಮಾರಿದ್ದು ಎಷ್ಟೋ. ಯಾವ ನಾಣ್ಯ ಯಾವುದರ ಜೊತೆ ಹೂತಿತ್ತು ಅನ್ನೋದು ಒಮ್ಮೆ ಅಳಿಸಿಹೋದ್ರೆ ಮತ್ತೆ ಬರಲ್ಲ. ಸಂಗ್ರಹ ಚೆನ್ನಾಗಿ ಬೆಳೀತು ಅಂತ ಖುಷಿಪಡೋ ನಾವೇ ಆ ಮಾರುಕಟ್ಟೆಯ ಗಿರಾಕಿಗಳು. ಅದಕ್ಕೇ ಹಳೆಯ ಹರಾಜಿನ ಕ್ಯಾಟಲಾಗ್, ಹಳೆಯ ಸಂಗ್ರಹದ ಚೀಟಿ ಇರೋ ನಾಣ್ಯಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅಂತೀನಿ.

ಭಾರತದಲ್ಲಿ ಕೂತು ಸಂಗ್ರಹಿಸೋರಿಗೆ ಕಾನೂನಿನ ಮಾತೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತೆ. ಖಾಸಗಿಯವರು ಅದನ್ನ ದೇಶದ ಹೊರಗೆ ಕಳಿಸೋ ಹಾಗಿಲ್ಲ. ಹೊಲ ಉಳುವಾಗ ನಿಧಿ ಸಿಕ್ಕಿದ್ರೆ 1878ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನ ಫೇಸ್‌ಬುಕ್‌ನಲ್ಲಿ ಮಾರೋದು ಅಪರಾಧ, ಹವ್ಯಾಸ ಅಲ್ಲ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಗ್ರೇಡ್ ಹಾಕಿದ ನಾಣ್ಯ ಬೇಕಾ ಅಂತ ಹಲವರು ಕೇಳ್ತಾರೆ. ನನಗಂತೂ ಬೇಡ. ತೂಗೋಕಾಗಲ್ಲ, ಬೆರಳಲ್ಲಿ ಹಿಡಿದು ಅಂಚು ನೋಡೋಕಾಗಲ್ಲ, ಬೆಳಕಿಗೆ ಓರೆ ಹಿಡಿದ್ರೆ ಡಬ್ಬಿಯೇ ಹೊಳೆಯುತ್ತೆ. ಆ ದುಡ್ಡನ್ನ ಒಂದು ಒಳ್ಳೆಯ ಲೆನ್ಸ್‌ಗೂ, ಗ್ರಾಂನ ನೂರನೇ ಭಾಗ ತೋರಿಸೋ ತಕ್ಕಡಿಗೂ ಹಾಕಿ. ಆಮೇಲೆ ಟಿಸಿನಂನ ಆರು ನಾಣ್ಯದಿಂದ ಶುರು ಮಾಡಿ. ಕೊಳ್ಳೋ ಮುಂಚೆ ಬಯಲಿನ ಅಕ್ಷರವನ್ನೂ ತಳದ ವಿಭಾಗದ ಗುರುತನ್ನೂ ತಾಳೆ ನೋಡಿ. ಆ ಪದದಲ್ಲಿ 'ಐ' ಎರಡು ಸಲ ಬರುತ್ತೆ, ನಾಲ್ಕನೇ ವಿಭಾಗದ್ದನ್ನೇ ಆರನೆಯದು ಅಂತ ಅಂಟಿಸೋ ಮಾರಾಟಗಾರರಿಗೆ ಬರವಿಲ್ಲ.