ಮುಚ್ಚಳ ತೆಗೆಯದೆ ತೆಗೆದ ಫೋಟೋ

ಕೇಳುಗರೆ, ನಮಸ್ಕಾರ.

ಒಂದು ರಾತ್ರಿ ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ತಲಾ 30 ಸೆಕೆಂಡಿನಂತೆ ಆಕಾಶದ ಫೋಟೋ ತೆಗೆಯುತ್ತಾ ಕೂತಿದ್ದೆ. ಕೆಂಡದಂಥ ಕೆಂಪು ನಕ್ಷತ್ರವೊಂದು ಸಿಕ್ಕಿತು. ಖುಷಿಯೋ ಖುಷಿ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೊದಲ ಫೋಟೋ ಮತ್ತು ಅರ್ಧ ಗಂಟೆ ನಂತರದ ಫೋಟೋ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಉಳಿದ ನಕ್ಷತ್ರಗಳೆಲ್ಲ ಜರುಗಿವೆ, ಇದು ಮಾತ್ರ ಇದ್ದಲ್ಲೇ ಇದೆ! ಧ್ರುವ ನಕ್ಷತ್ರದ ಕಡೆಗಂತೂ ನಾನು ಕ್ಯಾಮೆರಾ ತಿರುಗಿಸಿರಲಿಲ್ಲ. ಅದು ಆಕಾಶದ್ದಲ್ಲ, ನನ್ನ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನದು. ಇದನ್ನೇ ಹಾಟ್ ಪಿಕ್ಸೆಲ್ ಅನ್ನುವುದು.

ರೇಡಿಯೋದಲ್ಲಿ ಎರಡು ಸ್ಟೇಷನ್‌ಗಳ ನಡುವೆ ಬುಸ್ ಅನ್ನುವ ಸದ್ದು ಬರುತ್ತದಲ್ಲ, ಫೋಟೋದಲ್ಲಿ ಮರಳು ಚೆಲ್ಲಿದಂತೆ ಕಾಣುವ ನಾಯ್ಸ್ ಅಂಥದ್ದು. ಪ್ರತಿ ಕ್ಷಣ ಬೇರೆ. ಅದರ ನಡುವೆ ಒಂದೇ ಸಮನೆ ಕುಯ್ ಅನ್ನುವ ಸಿಳ್ಳೆ ಕೇಳಿಸಿದರೆ, ಅದು ಹಾಟ್ ಪಿಕ್ಸೆಲ್. ಜಾಗ ಬಿಟ್ಟು ಕದಲುವುದಿಲ್ಲ.

ಹೀಗೇಕೆ ಆಗುತ್ತದೆ? ಬೆಳಕು ಬಿದ್ದಾಗ ಸೆನ್ಸರಿನ ಪ್ರತಿ ಪಿಕ್ಸೆಲ್, ಅಂದರೆ ಪ್ರತಿ ಪುಟ್ಟ ಚೌಕ, ಎಲೆಕ್ಟ್ರಾನ್‌ಗಳನ್ನು ಕೂಡಿಟ್ಟುಕೊಳ್ಳುತ್ತದೆ. ಆದರೆ ಬೆಳಕೇ ಇಲ್ಲದಿದ್ದರೂ ಬರೀ ಶಾಖಕ್ಕೆ ಒಂದಿಷ್ಟು ಎಲೆಕ್ಟ್ರಾನ್ ಹುಟ್ಟುತ್ತವೆ. ಸೋರುವ ನಲ್ಲಿಯ ಕೆಳಗೆ ಬಕೆಟ್ ಇಟ್ಟ ಹಾಗೆ. ಸಿಲಿಕಾನ್ ಹರಳಿನಲ್ಲಿ ಎಲ್ಲೋ ಕುಂದಿದ್ದರೆ ಆ ಒಂದು ನಲ್ಲಿ ಜಾಸ್ತಿ ಸೋರುತ್ತದೆ. ಸೆನ್ಸರ್ ಇದ್ದದ್ದಕ್ಕಿಂತ 6ರಿಂದ 8 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸೋರಿಕೆ ಸುಮಾರು ಎರಡು ಪಟ್ಟಾಗುತ್ತದೆ. ಶಟರ್ ತೆರೆದಿದ್ದಷ್ಟೂ ಹೊತ್ತು ಬಕೆಟ್ ತುಂಬುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ. ಲೆನ್ಸಿಗೆ ಮುಚ್ಚಳ ಹಾಕಿ. ಕನ್ನಡಿ ಇರುವ ಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನೂ ಮುಚ್ಚಿ, ಅಲ್ಲಿಂದಲೂ ಬೆಳಕು ನುಸುಳುತ್ತದೆ. ಮ್ಯಾನುಯಲ್ ಮೋಡ್ ಇರಲಿ, ಸೆನ್ಸರ್ ಕೊಟ್ಟಿದ್ದನ್ನು ಹೆಚ್ಚುಕಡಿಮೆ ಹಾಗೇ ಉಳಿಸುವ ರಾ ಫೈಲ್ ಇರಲಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅನ್ನುವುದನ್ನು ಮರೆಯದೆ ಆಫ್ ಮಾಡಿ. ಅದು ಆನ್ ಇದ್ದರೆ ಕ್ಯಾಮೆರಾ ತಾನೇ ಅಷ್ಟೇ ಹೊತ್ತಿನ ಇನ್ನೊಂದು ಕತ್ತಲೆ ಫೋಟೋ ತೆಗೆದು, ಮೊದಲನೆಯದರಿಂದ ಕಳೆದುಬಿಡುತ್ತದೆ. ಕಳ್ಳನೇ ಸಾಕ್ಷಿ ಅಳಿಸಿದ ಹಾಗಾಯಿತು, ಅಲ್ವಾ? ಕೆಲವು ಸಾಫ್ಟ್‌ವೇರ್‌ಗಳೂ ರಾ ಫೈಲ್ ತೆರೆಯುವಾಗ ಸದ್ದಿಲ್ಲದೆ ಇಂಥ ಚುಕ್ಕೆಗಳನ್ನು ಅಳಿಸಿಬಿಡುತ್ತವೆ.

ಈಗ ಸೆಕೆಂಡಿನ 60ನೇ ಒಂದು ಭಾಗ, 1 ಸೆಕೆಂಡ್, 30 ಸೆಕೆಂಡ್, ಹೀಗೆ ತೆಗೆಯಿರಿ. ಪ್ರತಿಯೊಂದಕ್ಕೂ ಎರಡೆರಡು ಫೋಟೋ ಬೇಕು, ಒಂದೇ ಸಾಲದು. 100 ಪ್ರತಿಶತ ಹಿಗ್ಗಿಸಿ ನೋಡಿ. ಎರಡರಲ್ಲೂ ಅದೇ ಜಾಗದಲ್ಲಿರುವ ಚುಕ್ಕೆ ಹಾಟ್ ಪಿಕ್ಸೆಲ್. ಪಿಕ್ಸೆಲ್‌ಗಳ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಿರುವುದರಿಂದ ಚುಕ್ಕೆಗೂ ಆ ಬಣ್ಣ. ಜೆಪೆಗ್‌ನಲ್ಲಿ ಬಣ್ಣ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೂ ಹರಡಿ, ಚುಕ್ಕೆ ಪುಟ್ಟ ಹೂವಿನ ಹಾಗೆ ಕಾಣಬಹುದು.

30 ಸೆಕೆಂಡಿಗೆ ಹತ್ತಿಪ್ಪತ್ತು ಚುಕ್ಕೆ ಕಂಡರೆ ಗಾಬರಿ ಬೇಡ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 2 ಕೋಟಿ 40 ಲಕ್ಷ ಪಿಕ್ಸೆಲ್‌ಗಳಲ್ಲಿ ಅದೇನು ಲೆಕ್ಕ! ಸೆಕೆಂಡಿನ 60ನೇ ಒಂದು ಭಾಗದಲ್ಲೂ, ಕಡಿಮೆ ಐಎಸ್‌ಒದಲ್ಲೂ, ಅಂದರೆ ಸಿಕ್ಕಿದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್ ಕಡಿಮೆ ಇದ್ದಾಗಲೂ, ಎದ್ದು ಕಂಡರೆ ಮಾತ್ರ ಸರ್ವಿಸ್‌ನವರನ್ನು ಕೇಳಿ. ವಿಡಿಯೋ ಮಾಡುವವರಿಗೆ ಒಂದೇ ಚುಕ್ಕೆಯೂ ಕಾಟವೇ. ದೃಶ್ಯವೆಲ್ಲ ಓಡುವಾಗ ಅದೊಂದು ನಿಂತಿರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ.

ನಾಯ್ಸಿನ ಕಥೆ ಬೇರೆ. ಅದರ ದೊಡ್ಡ ಪಾಲು ಬೆಳಕಿನದೇ, ಮುಚ್ಚಳ ಹಾಕಿದರೆ ಅದು ಕಾಣಿಸದು. ಬೆಳಕು ಮಳೆಹನಿಯ ಹಾಗೆ ಬಿಡಿಬಿಡಿಯಾಗಿ ಬೀಳುತ್ತದೆ. ಆ ಒಂದೊಂದು ಹನಿಯೇ ಫೋಟಾನ್. ಸರಾಸರಿ 100 ಫೋಟಾನ್ ಬೀಳುವ ಕಡೆ ಸುಮಾರು 10ರಷ್ಟು ಏರುಪೇರು, 10,000 ಬೀಳುವ ಕಡೆ ಬರೀ 100ರಷ್ಟು. ಅಂದರೆ ಶೇಕಡ 10 ಇದ್ದದ್ದು 1ಕ್ಕೆ ಇಳಿಯಿತು. ನೆರಳಿನ ಜಾಗವೇ ಯಾಕೆ ಮರಳು ಮರಳಾಗಿ ಕಾಣುತ್ತದೆ ಅನ್ನುವುದಕ್ಕೆ ಇದೇ ಕಾರಣ. ಸುಮ್ನೆ ಐಎಸ್‌ಒವನ್ನು ಬೈಯುತ್ತೇವೆ. ಅಳೆಯಬೇಕೆಂದರೆ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ಎರಡು ಸಲ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ. ಗೋಡೆಯ ಕಲೆ, ಸೆನ್ಸರಿನ ಧೂಳು ಎಲ್ಲ ಹೋಗಿ ಏರುಪೇರು ಮಾತ್ರ ಉಳಿಯುತ್ತದೆ.

ನನ್ನ ಕೆಂಪು ನಕ್ಷತ್ರ ಏನಾಯಿತು ಅಂತೀರಾ? ಮೆನುವಿನಲ್ಲಿ ಪಿಕ್ಸೆಲ್ ಮ್ಯಾಪಿಂಗ್ ಇತ್ತು, ಒತ್ತಿದೆ. ಕ್ಯಾಮೆರಾ ಈಗ ಆ ಪಿಕ್ಸೆಲ್ಲನ್ನು ಲೆಕ್ಕಕ್ಕೇ ಹಿಡಿಯದೆ, ನೆರೆಹೊರೆಯವರನ್ನು ಕೇಳಿ ಜಾಗ ತುಂಬುತ್ತದೆ. ಕಳೆದ ವಾರ ಮತ್ತೆ ಮುಚ್ಚಳ ಹಾಕಿ ನೋಡಿದೆ. ಬಲಗಡೆ ಮೇಲಿನ ಮೂಲೆಯಲ್ಲಿ ನೀಲಿಯದೊಂದು ಹೊಸದಾಗಿ ಬಂದು ಕೂತಿದೆ.

ನಮಸ್ಕಾರ.