ಠಾಣೆಯ ಕಡತ ಕೇಳುವ ಬಗೆ

ಕೇಳುಗರಿಗೆ ನಮಸ್ಕಾರ.

ದೂರು ಪೊಲೀಸರ ಮೇಲೆಯೇ ಇದ್ದರೆ ಯಾರ ಬಳಿ ಹೋಗಬೇಕು? ಹೊಸನಗರ, ತೀರ್ಥಹಳ್ಳಿ ಕಡೆ ಯಾರನ್ನು ಕೇಳಿದರೂ ಶಿವಮೊಗ್ಗದ ಎಸ್ಪಿ ಕಚೇರಿ ತೋರಿಸುತ್ತಾರೆ, ಇಲ್ಲವೇ ಒಬ್ಬ ವಕೀಲರ ಹೆಸರು ಹೇಳುತ್ತಾರೆ. ಪೊಲೀಸ್ ದೂರು ಪ್ರಾಧಿಕಾರ ಎಂಬುದೊಂದಿದೆ ಎನ್ನುವವರು ಕಡಿಮೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ಆದೇಶದ ಫಲ ಅದು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅದಕ್ಕೆ ಜಾಗ ಮಾಡಿತು. ಆ ಆದೇಶದಂತೆ ಡಿವೈಎಸ್ಪಿವರೆಗಿನವರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್ಪಿ ಮತ್ತು ಮೇಲಿನವರದ್ದು ರಾಜ್ಯ ಪ್ರಾಧಿಕಾರಕ್ಕೆ. ಠಾಣೆಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರದಂಥವು ಎರಡೂ ಕಡೆ ಬರುತ್ತವೆ. ಸುಲಿಗೆ, ಜಮೀನು ಕಬಳಿಕೆ, ಅಧಿಕಾರದ ಘೋರ ದುರ್ಬಳಕೆ ಜಿಲ್ಲೆಯಲ್ಲೇ. ಠಾಣೆಯಲ್ಲಿ ಒರಟಾಗಿ ಮಾತನಾಡಿದರು ಎನ್ನುವಷ್ಟಕ್ಕೆ ಇಲ್ಲಿ ಹೋದರೆ ನಿಲ್ಲುವುದು ಕಷ್ಟ. ಅದಕ್ಕೆ ಎಸ್ಪಿ ಕಚೇರಿಯೇ ಸರಿ.

ಆದರೆ ಯಾವ ಬಾಗಿಲು ತಟ್ಟಿದರೂ ಮೊದಲ ಪ್ರಶ್ನೆ ಒಂದೇ: ದಾಖಲೆ ಏನಿದೆ?

ಬೇಗ ಅಳಿಯುವುದು ಸಿಸಿಟಿವಿ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದಂತೆ ಠಾಣೆಯ ಕ್ಯಾಮರಾ ಧ್ವನಿಯನ್ನೂ ಹಿಡಿಯಬೇಕು, ರಾತ್ರಿಯೂ ಕಾಣಬೇಕು, ದೃಶ್ಯ 18 ತಿಂಗಳು ಉಳಿಯಬೇಕು. ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ. ಕೆಟ್ಟರೆ ವರದಿ ಮಾಡುವ ಹೊಣೆ ಠಾಣಾಧಿಕಾರಿಯದು. ಮಳೆಗಾಲದಲ್ಲಿ ಕರೆಂಟ್ ಇರಲಿಲ್ಲ ಎಂಬ ಉತ್ತರ ನಮ್ಮ ಕಡೆ ಸಲೀಸು. ವಿದ್ಯುತ್ ಇಲ್ಲದ ಕಡೆ ಸೌರಶಕ್ತಿಯಿಂದಾದರೂ ನಡೆಸಿ ಎಂದು ಅದೇ ಆದೇಶ ಹೇಳಿದೆ. ಆದ್ದರಿಂದ ಘಟನೆಯಾದ ವಾರದೊಳಗೆ ದಿನಾಂಕ, ಗಂಟೆ, ಕೊಠಡಿ ನಮೂದಿಸಿ, 'ಈ ದೃಶ್ಯ ಅಳಿಸದೆ ಕಾಯ್ದಿಡಿ' ಎಂದು ಎಸ್ಪಿಗೆ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಪ್ರತಿ ಕೇಳುವ ಅರ್ಜಿ ಆಮೇಲೆ ಹಾಕಿದರೂ ನಡೆಯುತ್ತದೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ಬಂಧಿತರ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿ ಬಂಧಿತರಿಗೆ ಅಥವಾ ಅವರು ಹೇಳಿದವರಿಗೆ ಸಿಗಬೇಕು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಇದು. ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ಬೇಡ. ಎಫ್‌ಐಆರ್ ಪ್ರತಿಯೂ ದೂರುದಾರರಿಗೆ ಉಚಿತ.

ಉಳಿದದ್ದಕ್ಕೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಕಲಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹೆಚ್ಚಿನ ಅರ್ಜಿಗಳು ಬೀಳುವುದು ಇಲ್ಲೇ: ಮೂರು ಪುಟ ನೋವು ತೋಡಿಕೊಂಡು ಕೊನೆಗೆ 'ನನ್ನನ್ನು ಯಾಕೆ ಕೂರಿಸಿಕೊಂಡಿರಿ' ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಕಡತದಲ್ಲಿ ಹಾಳೆ ಇರುವುದಿಲ್ಲ. 'ಇಂಥ ದಿನ ಬೆಳಿಗ್ಗೆ 8ರಿಂದ ರಾತ್ರಿ 10ರವರೆಗಿನ ಠಾಣಾ ದಿನಚರಿಯ ದೃಢೀಕೃತ ನಕಲು' ಎಂದು ಕೇಳಿ. ಕೊಡಬೇಕು, ಇಲ್ಲವೇ ಯಾವ ಕಲಮಿನಡಿ ನಿರಾಕರಿಸಿದೆವು ಎಂದು ಬರೆಯಬೇಕು. ಗಡುವು 30 ದಿನ. ಜೀವ, ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ.

ನಿರಾಕರಣೆ ಬಂದರೆ ಬಹುತೇಕ ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಎಂದಿರುತ್ತದೆ, ಅಂದರೆ ತನಿಖೆಗೆ ಅಡ್ಡಿ. ತನಿಖೆ ನಡೆಯುತ್ತಿದೆ ಎಂಬುದೊಂದೇ ಸಾಲದು, ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಈ ಮಾತನ್ನೇ ಬರೆಯಿರಿ. ಜೊತೆಗೆ 10ನೇ ಕಲಂ ಸೇರಿಸಿ: ಸಾಕ್ಷಿಯ ಹೆಸರು ಮುಚ್ಚಿ ಉಳಿದ ಭಾಗ ಕೊಡಬಹುದು.

ಬಾಗಿಲು ಮುಚ್ಚಿರುವ ಕಡೆಯೂ ಇದೆ. ತನಿಖಾಧಿಕಾರಿ ದಿನದಿನವೂ ಬರೆಯುವ ಕೇಸ್ ಡೈರಿಯನ್ನು ನ್ಯಾಯಾಲಯ ತರಿಸಿ ನೋಡಬಹುದು, ಆರೋಪಿ ಕೇಳುವಂತಿಲ್ಲ. ಅಧಿಕಾರಿಯ ಮೇಲಿನ ಇಲಾಖಾ ವಿಚಾರಣೆಯ ಕಡತ ಇನ್ನೂ ಗಟ್ಟಿ. ಅದು ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತ್ತು. ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಯಾದ ಮೇಲೆ, ವೈಯಕ್ತಿಕ ಮಾಹಿತಿಯನ್ನು ತಡೆಯುವ 8(1)(ಜೆ) ಇನ್ನಷ್ಟು ಬಿಗಿಯಾಯಿತು. ಸಾರ್ವಜನಿಕ ಹಿತ ದೊಡ್ಡದೆಂದು ತೋರಿಸುವ 8(2) ಮಾತ್ರ ಉಳಿದಿದೆ. ದೂರು ಕೊಟ್ಟವರಿಗೇ ಅದರ ಫಲ ತಿಳಿಯದ ಈ ಏರ್ಪಾಡು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ 'ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿಯ ನಕಲು' ಎಂದು ಸಣ್ಣದಾಗಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಇಡೀ ಕಡತ ಕೇಳಿದರೆ ಇಡೀ ಕಡತಕ್ಕೇ ನಿರಾಕರಣೆ ಬರುತ್ತದೆ.

ಮೊದಲ ಮೇಲ್ಮನವಿಗೆ 30 ದಿನ, ಮಾಹಿತಿ ಆಯೋಗಕ್ಕೆ ಎರಡನೆಯದಕ್ಕೆ 90 ದಿನ. ಇದರ ನಡುವೆ ಮಾನವ ಹಕ್ಕುಗಳ ಆಯೋಗವನ್ನು ಮರೆಯಬೇಡಿ. ಅಲ್ಲಿ ಒಂದು ವರ್ಷದ ಮಿತಿ ಇದೆ, ಅದು ಘಟನೆ ನಡೆದ ದಿನದಿಂದ ಓಡುತ್ತದೆ. ಮೇಲ್ಮನವಿಯ ಉತ್ತರಕ್ಕೆ ಕಾಯುತ್ತ ಕೂತರೆ ಆ ವರ್ಷ ಮುಗಿದೇ ಹೋಗುತ್ತದೆ. ಮೇಲ್ಮನವಿ, ಮಾನವ ಹಕ್ಕು ಆಯೋಗದ ದೂರು ಎರಡೂ ಜೊತೆಗೇ ಹೋಗಲಿ.