ಹತ್ತಿಗೆ ಸೇರಿಸಿದ್ದು, ಭತ್ತದಲ್ಲಿ ಓದಿದ್ದು

ಕೇಳುಗ ಬಂಧುಗಳಿಗೆ ನಮಸ್ಕಾರ.

ಡಿಎನ್‌ಎ ಅಂದಕೂಡಲೇ ಕೊಲೆ ಕೇಸು, ತಂದೆ ಯಾರೆಂಬ ವ್ಯಾಜ್ಯ ನೆನಪಾಗುತ್ತವೆ. ಟಿವಿ ಮಾಡಿದ ಕೆಲಸ ಅದು. ರಾಯಚೂರು ಸೀಮೆಯ ರೈತರ ಹೊಲಕ್ಕೇ ಆ ವಿದ್ಯೆ ಬಂದು 20 ವರ್ಷದ ಮೇಲಾಯಿತು. ಎರೆ ಹೊಲದ ಹತ್ತಿಗೆ ಒಂದು ರೀತಿಯಲ್ಲಿ ಬಂತು, ತುಂಗಭದ್ರಾ ಕಾಲುವೆಯ ಭತ್ತಕ್ಕೆ ಇನ್ನೊಂದು ರೀತಿಯಲ್ಲಿ.

ಹತ್ತಿಯಲ್ಲಿ ನಡೆದದ್ದು ವಂಶವಾಹಿ, ಅಂದರೆ ಒಂದು ಗುಣ ಹೊತ್ತ ಡಿಎನ್‌ಎ ತುಣುಕು, ಸೇರಿಸುವ ಕೆಲಸ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಮಣ್ಣಿನ ಸೂಕ್ಷ್ಮಜೀವಿಯೇ ನಮ್ಮ ‘ಬಿಟಿ’. ಅದರ ಪ್ರೋಟೀನು ಕಾಯಿಕೊರಕದ ಕರುಳಿಗೆ ತೂತು ಹಾಕುತ್ತದೆ. ಆ ಪ್ರೋಟೀನಿನ ವಂಶವಾಹಿಯನ್ನು, ಗಿಡಕ್ಕೆ ಗಂಟು ಕಟ್ಟಿಸುವ ಇನ್ನೊಂದು ಬ್ಯಾಕ್ಟೀರಿಯಾದ ಬೆನ್ನೇರಿಸಿ, ಹತ್ತಿಯ ಜೀವಕೋಶದೊಳಗೆ ಕಳಿಸಿದರು. 2002ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು, 2006ರಲ್ಲಿ ಎರಡು ವಂಶವಾಹಿಯ ಬಿಟಿ ಬಂತು. ಹಸಿರು ಕಾಯಿಕೊರಕ ತಗ್ಗಿತು. ಗುಲಾಬಿ ಕಾಯಿಕೊರಕ ಮಾತ್ರ ಬರಬರುತ್ತಾ ಎರಡಕ್ಕೂ ಜಗ್ಗದಂತಾಯಿತು.

450 ಗ್ರಾಂ ಬೀಜದ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜ ಬರುತ್ತಿತ್ತಲ್ಲ, ಹೊಲದ ಸುತ್ತ ಹಾಕಲೆಂದು? ಎಷ್ಟು ಜನ ಹಾಕಿದೆವು? ಆ ಗಿಡಗಳ ಮೇಲೆ ಬದುಕುವ ಸಾದಾ ಪತಂಗ, ಬಿಟಿಗೆ ಜಗ್ಗದ ಪತಂಗದೊಡನೆ ಕೂಡಿದರೆ, ಹುಟ್ಟಿದ ಹುಳುಗಳು ಬಿಟಿ ತಿಂದು ಸಾಯುತ್ತವೆ ಅನ್ನುವುದು ಲೆಕ್ಕ. ಪಾಕೀಟಿನ ಮೇಲಿನ ಸಣ್ಣ ಅಕ್ಷರ ಓದಿ ಇದೆಲ್ಲ ಯಾರಿಗೆ ಹೊಳೆಯಬೇಕು!

ನಾನು ಹೆಚ್ಚು ಮೆಚ್ಚುವುದು ಭತ್ತದಲ್ಲಿ ಆದ ಕೆಲಸವನ್ನು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ ಭತ್ತ, ಬೆಳೆದವರಿಗೆ ದುಂಡಾಣು ಎಲೆ ಅಂಗಮಾರಿ ಗೊತ್ತು. ಎಲೆ ತುದಿಯಿಂದ ಅಂಚುಗುಂಟ ಒಣಗುತ್ತಾ ಇಳಿಯುತ್ತದೆ, ಔಷಧಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಸ್ಥೆ ಮತ್ತು ಅಲ್ಲಿನ ಭತ್ತ ಸಂಶೋಧನಾ ಸಂಸ್ಥೆಯವರು ರೋಗ ತಡೆಯುವ ಮೂರು ವಂಶವಾಹಿಗಳನ್ನು ಈ ತಳಿಗೆ ತಂದರು. ಒಂದರ ಮೂಲ ಆಫ್ರಿಕಾದ ಕಾಡುಭತ್ತ. ತಂದದ್ದು ಕತ್ತರಿಸಿ ಅಂಟಿಸಿ ಅಲ್ಲ, ಹಳೇ ಪದ್ಧತಿಯಲ್ಲಿ ಕ್ರಾಸ್ ಮಾಡಿಯೇ.

ತೊಡಕಿದ್ದದ್ದು ಆರಿಸುವುದರಲ್ಲಿ. ಮೂರರಲ್ಲಿ ಎರಡು ವಂಶವಾಹಿಗಳು ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಗುಣ ತೋರುತ್ತವೆ, ಒಬ್ಬರಿಂದ ಬಂದರೆ ಮುಗುಮ್ಮಾಗಿ ಕೂರುತ್ತವೆ. ಮೂರನೆಯದೊಂದಿದ್ದರೆ ಸಾಕು, ಸಸಿ ರೋಗ ತಡೆಯುತ್ತದೆ. ಆಗ ಉಳಿದೆರಡು ಇವೆಯೋ ಇಲ್ಲವೋ ಕಣ್ಣಿಗೆ ತಿಳಿಯದು. ಅದಕ್ಕೇ ಎಳೆ ಸಸಿಯ ಎಲೆಚೂರಿನಿಂದ ಡಿಎನ್‌ಎ ತೆಗೆದು ಅದರ ಬೇಕಾದ ತುಣುಕನ್ನು ನಕಲು ಮಾಡುವ ಪಿಸಿಆರ್ ಯಂತ್ರಕ್ಕೆ ಹಾಕಿದರು. ಯಂತ್ರ ಬಿಸಿ ಮಾಡಿ ಜೋಡಿ ಎಳೆ ಬಿಡಿಸುತ್ತದೆ, ತಣಿಸಿದಾಗ ಕಿಣ್ವ ನಕಲು ಹೆಣೆಯುತ್ತದೆ. ಪ್ರತಿ ಸುತ್ತಿನಲ್ಲೂ ಇಮ್ಮಡಿಯಾದರೆ, 30 ಸುತ್ತಿನಲ್ಲಿ ಒಂದು ತುಣುಕು 100 ಕೋಟಿ ದಾಟಿತು! ಬೇಕಾದ ತುಣುಕು ಕಂಡ ಸಸಿಗಳನ್ನು ಉಳಿಸಿಕೊಂಡು ಮುಂದುವರಿದರು. ಹೀಗೆ 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಬಂತು. ಕಾಳು ಅದೇ ಸಣ್ಣ, ಅನ್ನವೂ ಅದೇ.

ಇದೇ ಪಿಸಿಆರ್ ಬೀಜದ ಕಲಬೆರಕೆಯನ್ನೂ ಹಿಡಿಯುತ್ತದೆ. ಹೈಬ್ರಿಡ್ ಬೀಜದಲ್ಲಿ ಗಂಡು ಸಾಲಿನ ಗುರುತೂ ಹೆಣ್ಣು ಸಾಲಿನ ಗುರುತೂ ಎರಡೂ ಕಾಣಬೇಕು. ಹೆಣ್ಣು ಸಾಲಿನದೊಂದೇ ಕಂಡರೆ ಅದು ಕ್ರಾಸ್ ಆಗದ ಬೀಜ. ಬಿತ್ತಿ ಬೆಳೆದು ನೋಡಲು ಒಂದು ಹಂಗಾಮು ಬೇಕು, ಇದಕ್ಕೆ ಕೆಲವೇ ದಿನ.

ಹಾಗಾಗಿ ಈ ಸಲ ಬಿತ್ತನೆ ಮುಗಿದ ಮೇಲೆ ಬಿಲ್ಲು, ಪಾಕೀಟು, ಪಾಕೀಟಿನಲ್ಲೇ ಒಂದು ಹಿಡಿ ಬೀಜ ಎತ್ತಿಡಿ. ಬೆಳೆ ಕೈಕೊಟ್ಟರೆ, ಹೊಲದಲ್ಲಿ ನಿಂತ ಗಿಡ ಅದೇ ಬೀಜದ್ದೆಂದು ಹೋಲಿಸಿ ತೋರಿಸಲು ಪ್ರಯೋಗಾಲಯಕ್ಕೆ ಆ ಹಿಡಿ ಬೀಜ ಬೇಕಾಗುತ್ತದೆ. ನಮಸ್ಕಾರ.